ಗಣಕದ ವೇಳಾಪಟ್ಟಿಗೂ ಒಂದು ಪರೀಕ್ಷೆ

ನಿಮ್ಮ ಶಾಲೆಯಲ್ಲಿ ಒಂದು ಪೀರಿಯಡ್ ಐದೇ ನಿಮಿಷದ್ದಾದರೆ ಏನಾದೀತು? ಎಲ್ಲ ವಿಷಯಗಳಿಗೂ ಬೇಗ ಬೇಗ ಸರದಿ ಬರುತ್ತದೆ, ನಿಜ. ಆದರೆ ಗಣಿತದ ಪುಸ್ತಕ ಒಳಗಿಟ್ಟು ಇತಿಹಾಸದ್ದನ್ನು ತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ. ಮೂರು ಗಂಟೆಯದಾದರೆ? ಪಾಠವೇನೋ ಸಾಗುತ್ತದೆ, ಇತಿಹಾಸದ ಮೇಷ್ಟ್ರು ಬಾಗಿಲಲ್ಲೇ ಕಾಯಬೇಕು!

ಗಣಕಯಂತ್ರದ ತಾಪತ್ರಯವೂ ಇದೇ. ಪ್ರೊಸೆಸರ್‌ಗಳು ಕೆಲವೇ, ಕಾದು ನಿಂತ ಕೆಲಸಗಳು ನೂರಾರು. ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವ ಆಪರೇಟಿಂಗ್ ಸಿಸ್ಟಂನ ಭಾಗವೇ ಷೆಡ್ಯೂಲರ್. ಲಿನಕ್ಸ್‌ಗೆ 2007ರಲ್ಲಿ ಇಂಗೋ ಮೋಲ್ನಾರ್ ಬರೆದ ‘ಸಿಎಫ್‌ಎಸ್’ ಬಂದಿತು. 2023ರಲ್ಲಿ ಆ ಜಾಗಕ್ಕೆ ‘ಇಇವಿಡಿಎಫ್’ ಎಂಬ ಕ್ರಮ ಬಂದಿತು. ಎರಡರಲ್ಲೂ ಹೆಚ್ಚುಕಡಿಮೆ ಮಾಡಬಹುದಾದ ಅಳತೆಗಳಿವೆ. ಉದಾಹರಣೆಗೆ, ಅರ್ಧ ಮಿಲಿಸೆಕೆಂಡಿನೊಳಗೆ ಓಡಿದ ಕೆಲಸದ ಮಾಹಿತಿ ಆ ಪ್ರೊಸೆಸರಿನ ಹತ್ತಿರವೇ ಇನ್ನೂ ‘ಬಿಸಿ’ಯಾಗಿದೆ ಎಂದು ಭಾವಿಸಿ, ಅದನ್ನು ಆದಷ್ಟೂ ಬೇರೆಡೆಗೆ ಕಳಿಸದಿರುವುದು. ಈ ಅರ್ಧವನ್ನು ಐದಕ್ಕೆ ಏರಿಸಿದರೆ ಲಾಭವೇ?

ಊಹಿಸಿ ಹೇಳುವಂತಿಲ್ಲ, ಅಳೆಯಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಜೊತೆಗೇ ಬರುವ ‘ಪಿಜಿಬೆಂಚ್’ ಬ್ಯಾಂಕಿನ ಲೆಕ್ಕದಂತೆ ಖಾತೆ, ಶಾಖೆಗಳ ಶಿಲ್ಕನ್ನು ಮತ್ತೆ ಮತ್ತೆ ತಿದ್ದಿ, ಸೆಕೆಂಡಿಗೆ ಎಷ್ಟು ವ್ಯವಹಾರ ಮುಗಿಯಿತು, ಒಂದೊಂದಕ್ಕೆ ಸರಾಸರಿ ಎಷ್ಟು ಹೊತ್ತು ಹಿಡಿಯಿತು ಎಂದು ತಿಳಿಸುತ್ತದೆ.

ಇಲ್ಲೇ ಎಡವುವುದು. ಮೊದಲ ಓಟದಲ್ಲಿ ಮಾಹಿತಿ ಡಿಸ್ಕಿನಿಂದ ಬರಬೇಕು. ಎರಡನೆಯದರಲ್ಲಿ ಅದಾಗಲೇ ಮೆಮೊರಿಯಲ್ಲಿರುತ್ತದೆ. ಆ ವೇಗದ ಶ್ರೇಯಸ್ಸು ಸುಮ್ಮನೆ ಹೊಸ ಅಳತೆಗೆ ಸಂದುಬಿಡುತ್ತದೆ! ಇನ್ನು, ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಬದಲಾವಣೆಗಳನ್ನೆಲ್ಲ ಡಿಸ್ಕಿಗೆ ಇಳಿಸುತ್ತದೆ. ಒಂದು ನಿಮಿಷದ ಓಟಕ್ಕೆ ಆ ಹೊರೆ ಕಾಣದೆಯೇ ಹೋಗಬಹುದು. ಆದ್ದರಿಂದ ಒಮ್ಮೆಗೆ ಒಂದೇ ಅಳತೆ ಬದಲಿಸಿ, ದೀರ್ಘವಾಗಿ ಓಡಿಸಿ, ಹಲವು ಸಲ ಮಾಡಿ. ಏನೂ ಬದಲಿಸದಿದ್ದಾಗಲೇ ಫಲಿತಾಂಶ ನೂರಕ್ಕೆ ಐದರಷ್ಟು ಏರಿಳಿದರೆ, ಬದಲಿಸಿದ ಮೇಲೆ ಸಿಕ್ಕ ನೂರಕ್ಕೆ ಮೂರು ಗೆಲುವಲ್ಲ.

ಲೋಲಕದ ಪ್ರಯೋಗದಲ್ಲಿ ಒಮ್ಮೆ ಅಳೆದು, ಉಳಿದೆರಡು ರೀಡಿಂಗುಗಳನ್ನು ಪುಸ್ತಕದ ಉತ್ತರಕ್ಕೆ ಹೊಂದಿಸಿ ಬರೆಯುವ ಹುಡುಗರನ್ನು ನಾನು ವರ್ಷಾ ವರ್ಷಾ ಕಾಣುತ್ತೇನೆ. ಉತ್ತರ ಸರಿಯಿದ್ದರೂ ಅಂಕ ಕೊಡುವುದಿಲ್ಲ. ಮನೆಯಿಂದ ಆಕ್ಷೇಪಣೆಯೂ ಬರುತ್ತದೆ. ಪೋಷಕರಿಗೆ ನನ್ನ ವಿನಂತಿ ಇಷ್ಟೇ: ಮಗುವಿನ ರೆಕಾರ್ಡ್ ಪುಸ್ತಕದಲ್ಲಿ ಉತ್ತರ ತಪ್ಪಿದ್ದು ರೀಡಿಂಗ್ ನಿಜವಾಗಿದ್ದರೆ ಬೈಯಬೇಡಿ. ತಪ್ಪು ಎಲ್ಲಿಂದ ಬಂತೆಂದು ಹುಡುಕಲು ನಿಜವಾದ ರೀಡಿಂಗೇ ಬೇಕು.