ಮತದಾನಕ್ಕಿದ್ದ ಅವಸರ ಅಧಿಕಾರಕ್ಕಿಲ್ಲ

ಕೋವಿಡ್ ಎರಡನೆಯ ಅಲೆ ಏರುತ್ತಿದ್ದಾಗ, 2021ರ ಏಪ್ರಿಲ್ 27ರಂದು, ಚಿತ್ರದುರ್ಗದ ನೆರೆಯ ಬಳ್ಳಾರಿ ಮಹಾನಗರ ಪಾಲಿಕೆಗೆ ಮತದಾನ ನಡೆಯಿತು. ಅಂದು ರಾತ್ರಿಯಿಂದಲೇ ರಾಜ್ಯದಾದ್ಯಂತ 14 ದಿನಗಳ ಕರ್ಫ್ಯೂ ಜಾರಿಯಾಯಿತು. ಅಂಥ ಅಪಾಯದಲ್ಲೂ ಮುಂದೂಡದ ಚುನಾವಣೆಯ ಫಲವೇನು? 39 ಸದಸ್ಯರು ಆಯ್ಕೆಯಾದರೂ ಮೇಯರ್ ಚುನಾವಣೆ ನಡೆದದ್ದು 2022ರಲ್ಲಿ.

ಚಿತ್ರದುರ್ಗ ಜಿಲ್ಲೆಗೆ ಈ ಅನುಭವ ಹೊಸತಲ್ಲ. 2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆದ ಚಿತ್ರದುರ್ಗ ನಗರಸಭೆ, ಹೊಸದುರ್ಗ ಪುರಸಭೆಗಳು ಮೀಸಲಾತಿ ವ್ಯಾಜ್ಯದಿಂದಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಧ್ಯಕ್ಷರಿಲ್ಲದೆ ಉಳಿದವು. ಸೋಂಕಿನ ಮೊದಲ ಅಲೆಯಲ್ಲಿ ಅಲ್ಲಿ ಆಡಳಿತಾಧಿಕಾರಿಗಳದೇ ಆಳ್ವಿಕೆ. ವಾರ್ಡಿನ ಸಂಕಟವನ್ನು ಸಭೆಯಲ್ಲಿ ಎತ್ತಬೇಕಾದ ಸದಸ್ಯರಿಗೆ ಸಭೆಯೇ ಇರಲಿಲ್ಲ.

ಮೀಸಲಾತಿ ಪಟ್ಟಿ ಚುನಾವಣೆಗೆ ಮೊದಲೇ ಅಂತಿಮಗೊಳ್ಳಬೇಕು. ಫಲಿತಾಂಶದ ಬಳಿಕ ಅಧ್ಯಕ್ಷರ ಆಯ್ಕೆಗೆ ಕಾಲಮಿತಿ ಇರಬೇಕು. ಇಲ್ಲವಾದರೆ ಜೀವ ಪಣವಿಟ್ಟು ಮತ ಹಾಕಿದವರಿಗೆ ಅದು ವಂಚನೆಯೆಂದೇ ನನ್ನ ಭಾವನೆ.