ಎರಡು ಅಳಿವೆಗಳ ಪಾಠ

ಉತ್ತರ ಕನ್ನಡದ ಕರಾವಳಿಯಲ್ಲಿ ಕೆಲವೇ ಹರಿದಾರಿಗಳ ಅಂತರದಲ್ಲಿ ಎರಡು ನದಿಗಳು ಕಡಲನ್ನು ಸೇರುತ್ತವೆ: ಹೊನ್ನಾವರದ ಬಳಿ ಶರಾವತಿ, ಕುಮಟೆಯ ಉತ್ತರಕ್ಕೆ ತದಡಿಯ ಬಳಿ ಅಘನಾಶಿನಿ. ಎರಡೂ ಸಹ್ಯಾದ್ರಿಯ ಮಕ್ಕಳು. ಎರಡನ್ನೂ ತುಂಬುವುದು ಅದೇ ಮುಂಗಾರು, ಎರಡೂ ಬೆರೆಯುವುದು ಅದೇ ಕಡಲಿನಲ್ಲಿ. ಆದರೂ ಅವುಗಳ ಅಳಿವೆಗಳ ಬಾಳು ಬೇರೆ ಬೇರೆಯಾಗಿದೆ. ಅದರ ಕಾರಣವನ್ನು ತಿಳಿಯಬೇಕಾದರೆ ನಾವು ಕಡಲಿಗೆ ಬೆನ್ನು ಮಾಡಿ ಘಟ್ಟವನ್ನು ಹತ್ತಬೇಕು.

ಶಿರಸಿಯ ಪರಿಸರದಲ್ಲಿ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಮಳೆಗಾಲದಲ್ಲಿ ಅದು ಕಾಡಿನ ತರಗೆಲೆಯ ಸಾರವನ್ನೂ ಮೆಕ್ಕಲನ್ನೂ ಹೊತ್ತು ತರುತ್ತದೆ. ಆಗ ಅಳಿವೆಯ ನೀರು ಬಹುಮಟ್ಟಿಗೆ ಸಿಹಿ. ಬೇಸಗೆಯಲ್ಲಿ ಹೊಳೆ ಬಡವಾದಂತೆ ಭರತದೊಡನೆ ಉಪ್ಪುನೀರು ಒಳನುಗ್ಗುತ್ತದೆ. ಸಿಹಿ ಉಪ್ಪುಗಳ ಈ ಸರದಿಯನ್ನು ನಂಬಿಯೇ ಬಳಚು ಬೆಳೆಯುತ್ತದೆ, ಕಾಂಡ್ಲಾ ಗಿಡ ಬೇರೂರುತ್ತದೆ, ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತವೂ ಅನಂತರ ಸಿಗಡಿ ಮೀನುಗಳೂ ದೊರೆಯುತ್ತವೆ. ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಆಯುವ ಹೆಂಗಸರ ಸಂಸಾರ ನಡೆಯುವುದೂ ಇದರಿಂದಲೇ. 2024ರಲ್ಲಿ ಈ ಅಳಿವೆಯು ರಾಮ್ಸರ್ ತಾಣಗಳ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು.

ಶರಾವತಿಯ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು; ಅನಂತರ ಗೇರುಸೊಪ್ಪೆಯಲ್ಲಿ ಮತ್ತೊಂದು ಎದ್ದಿತು. ನಾಡಿಗೆ ಬೆಳಕು ಬಂದಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ವಿದ್ಯುದಾಗಾರಗಳಿಂದ ಬೇಸಗೆಯಲ್ಲಿಯೂ ಸಿಹಿನೀರು ಹರಿದುಬರುವುದರಿಂದ ಅಳಿವೆಯ ಉಪ್ಪು ಕುಗ್ಗಿ, ಬಳಚಿನ ಸಂತತಿ ಬಹುವಾಗಿ ಕ್ಷೀಣಿಸಿತೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಸಿಹಿನೀರಿನಂಥ ಒಳ್ಳೆಯ ವಸ್ತುವೂ ಹೊತ್ತು ತಪ್ಪಿ ಬಂದರೆ ಕೇಡನ್ನೇ ತರುತ್ತದೆ.

ಈಗ ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿಗೆ ತಿರುಗಿಸುವ ಪ್ರಸ್ತಾಪ ಎದ್ದಿದೆ. ಘಟ್ಟದ ಜನರು ಅದನ್ನು ವಿರೋಧಿಸುತ್ತಿದ್ದಾರೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಅದಕ್ಕೆ ಪರಿಹಾರ ಬೇಕು. ಆದರೆ ಕಡಲನ್ನು ಸೇರುವ ನೀರೆಲ್ಲ ವ್ಯರ್ಥವೆಂಬ ವಾದವನ್ನು ಮಾತ್ರ ಒಪ್ಪಲಾಗದು. ಶರಾವತಿಯ ಅಳಿವೆ ಸಿಹಿ ಮಿಕ್ಕಿ ಕೆಟ್ಟಿತು. ಅಘನಾಶಿನಿಯದು ಸಿಹಿ ಸಾಲದೆ ಕೆಡಬಹುದು. ಮೇಲೆ ತಿರುಗಿಸಿದ ಪ್ರತಿಯೊಂದು ತೊರೆಯ ಲೆಕ್ಕವನ್ನೂ ಕೊನೆಗೆ ತೆರುವವರು ಕೆಳಗಿನ ಅಳಿವೆಯವರು.

ಆದುದರಿಂದ ನದಿಯಲ್ಲಿ ಹೆಚ್ಚುವರಿ ನೀರೆಷ್ಟೆಂದು ಎಣಿಸುವವರು ಮೊದಲು ಹೊನ್ನಾವರಕ್ಕೆ ಹೋಗಿ, ಇಳಿತದ ಹೊತ್ತಿನಲ್ಲಿ ದಡದ ಮೇಲೆ ನಿಂತು ನೋಡಬೇಕು. ಬಳಚು ಆಯುತ್ತಿದ್ದವರನ್ನು ಕೇಳಿದರೆ, ಆ ಲೆಕ್ಕದಲ್ಲಿ ಬಿಟ್ಟುಹೋದುದೇನೆಂಬುದನ್ನು ಅವರೇ ಹೇಳಿಯಾರು.