ದೀಪ ಉರಿದರೆ ಸಾಲದು

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಫ್ಲಶ್‌ಗೂ ಲಾನ್‌ಗೂ ಬರೋದು ಎಸ್‌ಟಿಪಿಯಲ್ಲಿ ಸಂಸ್ಕರಿಸಿದ ಕೊಳಚೆ ನೀರೇ. ಮೊನ್ನೆ ಮಗಳು ಸ್ಪ್ರಿಂಕ್ಲರ್ ಕೆಳಗೆ ಕುಣೀತಿದ್ದಾಗ ಪಕ್ಕದ ಮನೆ ಆಂಟಿ, "ಅದು ಯಾವ ನೀರು ಗೊತ್ತೇನಮ್ಮಾ?" ಅಂದ್ರು. ಮರುದಿನವೇ ಬೇಸ್‌ಮೆಂಟ್‌ಗೆ ಇಳಿದೆ.

ಆಪರೇಟರ್ ಯುವಿ ಘಟಕ ತೋರಿಸಿದರು. ಒಳಗಿನ ದೀಪ ಸುಮಾರು 254 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಕಿರಣ ಸೂಸುತ್ತೆ. ಅದು ರೋಗಾಣುವಿನ ಡಿಎನ್‌ಎ ಕೆಡಿಸಿದರೆ, ರೋಗಾಣು ಮತ್ತೆ ವೃದ್ಧಿಯಾಗಲಾರದು. ನೀರಿಗೆ ರಾಸಾಯನಿಕ ಬೆರೆಸಬೇಕಿಲ್ಲ.

"ದೀಪ ಉರೀತಾನೇ ಇದೆ ಮೇಡಂ" ಅಂದ್ರು. ಸ್ವಿಚ್ ಆಫ್ ಮಾಡಿಸಿ, ದೀಪದ ಮೇಲಿನ ಕ್ವಾರ್ಟ್ಜ್ ಕೊಳವೆ ತೆಗೆಸಿದೆ. ಗೀಸರ್ ಕಾಯಿಲ್‌ಗೆ ಕಟ್ಟೋ ಥರದ್ದೇ ಬಿಳಿ ಪೊರೆ! ಬೆಳಕು ನೀರನ್ನು ಮುಟ್ಟಿದರೆ ತಾನೇ ಕೆಲಸ? ನೀರು ಕದಡಿದ್ದರೂ ಅಷ್ಟೇ, ಕಣಗಳ ಮರೆಯಲ್ಲಿ ರೋಗಾಣು ಬಚಾವ್. ದೀಪಕ್ಕೂ ಆಯಸ್ಸಿದೆ: ಸಾಮಾನ್ಯವಾಗಿ 8,000ರಿಂದ 12,000 ಗಂಟೆ. ಆಮೇಲೆ ನೀಲಿ ಬೆಳಕು ಕಂಡರೂ ಯುವಿ ಸಾಲದು. ಇನ್ನು ಟ್ಯಾಂಕ್ ಸೇರಿದ ನೀರಿಗೆ ಯುವಿಯ ಕಾವಲಿಲ್ಲ. ಅಲ್ಲಿಗೆ ಕೊಂಚ ಕ್ಲೋರಿನ್ನೇ ಬೇಕು.

ತಪ್ಪು ಆಪರೇಟರ್‌ದಲ್ಲ. ಜಿಮ್‌ನ ಟ್ರೆಡ್‌ಮಿಲ್ ಬಗ್ಗೆ ಮೀಟಿಂಗ್‌ನಲ್ಲಿ ಗಂಟೆಗಟ್ಟಲೆ ಜಗಳ ಆಡೋ ನಾವು, ಎಸ್‌ಟಿಪಿ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಈಗ ತಿಂಗಳಿಗೊಮ್ಮೆ ಕೊಳವೆಗೆ ಸಿಟ್ರಿಕ್ ಆಸಿಡ್ ಸ್ನಾನ, ನೀರಿಗೆ ಕೋಲಿಫಾರ್ಮ್ ಪರೀಕ್ಷೆ. ಮಕ್ಕಳು ಮಲಗಿದ ಮೇಲಷ್ಟೇ ಸ್ಪ್ರಿಂಕ್ಲರ್.

ನೀವೂ ಈ ಭಾನುವಾರ ಒಮ್ಮೆ ಬೇಸ್‌ಮೆಂಟ್‌ಗೆ ಇಳಿಯಿರಿ. "ದೀಪ ಉರೀತಿದೆಯಾ?" ಅಂತ ಕೇಳಬೇಡಿ. "ಗಾಜು ಒರೆಸಿದ್ದು ಯಾವಾಗ?" ಅಂತ ಕೇಳಿ.